ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಎಷ್ಟು ಕಿಂಡಿ?

ಹೋದ ಭಾನುವಾರ ಬೆಳಿಗ್ಗೆ ಚಿತ್ರದುರ್ಗದಲ್ಲಿ, ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ, ಮನೆಯ ಹಳೇ ಕಂಪ್ಯೂಟರುಗಳ ಬಗ್ಗೆ ಒಂದೂವರೆ ಗಂಟೆ ಮಾತಾಡಿದೆ. ಬಂದವರಲ್ಲಿ ಜಾಸ್ತಿ ಜನ ನಿವೃತ್ತ ಮೇಷ್ಟ್ರುಗಳು, ಅಂಗಡಿಯವರು, ಡಿಟಿಪಿ ಮಾಡುವವರು. ಹೇಳಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಅದಕ್ಕೇ ಇದು. ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಇಟ್ಟಿದ್ದೇನೆ. ಆಮೇಲೆ ನಡೆದ ಒಂದು ಸಂಗತಿಯನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಟೇಬಲ್ ಮೇಲೆ ಇರುವುದು ನಮ್ಮ ದೊಡ್ಡಪ್ಪನ ಕಂಪ್ಯೂಟರು. 2011ರಲ್ಲಿ ತಗೊಂಡಿದ್ದು. ವಿಂಡೋಸ್ 7, ಎರಡು ಜಿಬಿ ರ‍್ಯಾಮ್. ನಿನ್ನೆ ಸಂಜೆ ಅವರ ಮನೆಯಿಂದ ಆಟೋದಲ್ಲಿ ತಂದೆ. ಧೂಳು ಒರೆಸಿದ್ದು ಬಿಟ್ಟರೆ ಏನೂ ಮುಟ್ಟಿಲ್ಲ. ದೊಡ್ಡಪ್ಪ ಮೊದಲನೇ ಸಾಲಿನಲ್ಲೇ ಕೂತಿದ್ದಾರೆ, ಅವರನ್ನು ಕೇಳಿಯೇ ಇದನ್ನು ಎಲ್ಲರ ಮುಂದೆ ತೋರಿಸುತ್ತಿದ್ದೇನೆ.

ಇಷ್ಟು ಹಳೇದನ್ನು ಯಾಕೆ ಇಟ್ಟುಕೊಂಡಿದ್ದೀರಿ, ಹೊಸದು ತಗೊಳ್ಳಿ ಅಂತ ಹೇಳುವುದು ಸುಲಭ. ಆದರೆ ದೊಡ್ಡಪ್ಪನ ಶೇಂಗಾ ಮಂಡಿಯ ಹಳೇ ಲೆಕ್ಕವೆಲ್ಲ ಇದರಲ್ಲಿದೆ, ಆ ಲೆಕ್ಕದ ಸಾಫ್ಟ್‌ವೇರು ಹೊಸ ವಿಂಡೋಸ್‌ನಲ್ಲಿ ಏಳುವುದೇ ಇಲ್ಲ. ಜೊತೆಗೆ ಅವರು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟ ಮನೆತನದ ವಂಶಾವಳಿ, ಹಳೇ ಜಮೀನು ಪತ್ರಗಳ ನಕಲು ಇದೆ. ಡಿಟಿಪಿಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಮಾಡಿದ ಪೇಜ್‌ಮೇಕರ್ ಫೈಲು ತೆಗೆಯಲಿಕ್ಕೆಂದೇ ಎಷ್ಟೋ ಜನ ಮೂಲೆಯಲ್ಲಿ ಒಂದು ಹಳೇ ಮಿಷನ್ ಉಳಿಸಿಕೊಂಡಿದ್ದಾರೆ. ಇವೆಲ್ಲ ನಿಜವಾದ ಕಾರಣಗಳು. ಇವನ್ನು ತಳ್ಳಿಹಾಕಿ ಸಲಹೆ ಕೊಡುವವರ ಮಾತು ನನಗೆ ಹಿಡಿಸುವುದಿಲ್ಲ.

ತೊಂದರೆ ಇರುವುದು ಬೇರೆ ಕಡೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ರಿಪೇರಿ ಕೊಡುವುದನ್ನು ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ವಿಂಡೋಸ್ 10ರ ಮಾಮೂಲಿ ಅವಧಿಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅಲ್ಲಿಯವರೆಗೆ ಹೊಸದು ಅನ್ನಿಸುತ್ತಿದ್ದ ಎಷ್ಟೋ ಮಿಷನ್ನುಗಳು ಈಗ ಇದೇ ಸಾಲಿಗೆ ಬಂದು ನಿಂತಿವೆ. ಇನ್ನು ಮುಂದೆ ಒಳಗೆ ಎಲ್ಲಾದರೂ ಹೊಸ ತೂತು ಕಂಡರೆ ಮಾಮೂಲಾಗಿ ಬಂದು ಮುಚ್ಚಿಕೊಡುವವರು ಇಲ್ಲ. ಹಾಗಿದ್ದಾಗ ತೂತಿನವರೆಗೆ ಯಾರೂ ಬರದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಲಿರುವ ಕೆಲಸ.

ನಾನು ಹೇಳುವುದು ಇಷ್ಟೇ. ಹಳೇ ಕಂಪ್ಯೂಟರು ಇಟ್ಟುಕೊಳ್ಳಿ. ಅದು ಯಾರ ಯಾರ ಕರೆಗೆ ಓಗೊಡಲು ಕಾದು ಕೂತಿದೆ ಅನ್ನುವುದನ್ನು ಒಂದು ಸಲ ಕಣ್ಣಾರೆ ನೋಡಿ. ಒಂದೊಂದಕ್ಕೂ 'ಇದು ಯಾರಿಗೆ ಬೇಕು?' ಅಂತ ಕೇಳಿ. ಯಾರಿಗೂ ಬೇಡ ಅಂದರೆ ಮುಚ್ಚಿ.

ಹೀಗೆ ಕಾದು ಕೂರುವ ಕಿಂಡಿಗೆ ಪೋರ್ಟ್ ಅನ್ನುತ್ತಾರೆ. ಆ ಪದ ಬಾಯಿಂದ ಬಂದ ಕೂಡಲೇ ಒಬ್ಬರು ಮೇಷ್ಟ್ರು ಕೈ ಎತ್ತಿದರು. "ಸಿಪಿಯು ಹಿಂದುಗಡೆ ವೈರು ಚುಚ್ಚೋ ಜಾಗಗಳಾ?" ಅವನ್ನೂ ಪೋರ್ಟ್ ಅಂತಲೇ ಕರೆಯುತ್ತಾರೆ ಮೇಷ್ಟ್ರೇ, ಗೊಂದಲ ಆಗುವುದು ಸಹಜ. ನಾನು ಹೇಳುತ್ತಿರುವ ಪೋರ್ಟು ಕಣ್ಣಿಗೆ ಕಾಣುವುದಲ್ಲ, ಅದು ಬರೀ ಒಂದು ನಂಬರು. ನೆಟ್‌ವರ್ಕಿನ ಒಂದೇ ವೈರಿನಲ್ಲಿ ನೂರೆಂಟು ಮಾತು ಓಡಾಡುತ್ತಿರುತ್ತವೆ. ಬ್ರೌಸರಿನದು, ಪ್ರಿಂಟರಿನದು, ಗಡಿಯಾರ ಸರಿ ಮಾಡಿಕೊಳ್ಳುವುದು, ಹೀಗೆ. ಯಾವ ಮಾತು ಯಾವ ಪ್ರೋಗ್ರಾಮಿಗೆ ಸೇರಬೇಕು ಅಂತ ಗೊತ್ತಾಗಲು ಒಂದೊಂದಕ್ಕೂ ನಂಬರು. ಸೊನ್ನೆಯಿಂದ 65,535ರ ತನಕ. ಮಾತು ಸಾಗಿಸಲು ಟಿಸಿಪಿ, ಯುಡಿಪಿ ಅಂತ ಎರಡು ಕ್ರಮಗಳಿವೆ, ಒಂದೊಂದಕ್ಕೂ ಇಂಥ ಬೇರೆ ಸಾಲು.

ನಂಬರು ಇದೆ ಅಂದ ಮಾತ್ರಕ್ಕೆ ಬಾಗಿಲು ತೆರೆದಿದೆ ಅಂತಲ್ಲ. ಆ ನಂಬರಿನಲ್ಲಿ ಒಂದು ಪ್ರೋಗ್ರಾಮು ಕಿವಿಗೊಟ್ಟು ಕೂತಿರಬೇಕು, ಹೊರಗಿನಿಂದ ಯಾರಾದರೂ ಕರೆದರೆ 'ಹೂಂ' ಅನ್ನಲು. ಆಗ ಅದು ತೆರೆದ ಪೋರ್ಟು. ಹಾಗಾಗಿ ಮುಚ್ಚಲಿಕ್ಕೆ ಎರಡು ದಾರಿ. ಒಂದು, ಅಲ್ಲಿ ಕೂತ ಪ್ರೋಗ್ರಾಮನ್ನೇ ಎಬ್ಬಿಸಿ ಕಳಿಸುವುದು. ಇನ್ನೊಂದು, ಅದು ಕೂತಿರಲಿ ಬಿಡಿ ಅಂತ ಅದರ ಮುಂದೆ ಕಾವಲು ಹಾಕುವುದು. ಕಾವಲು ಅಂದರೆ ಫೈರ್‌ವಾಲ್. ಎಬ್ಬಿಸಿ ಕಳಿಸಲು ಆಗುವ ಕಡೆ ಅದನ್ನೇ ಮಾಡಿ ಅನ್ನುತ್ತೇನೆ ನಾನು. ಯಾಕೆಂದರೆ ಕಾವಲಿನವನು ಯಾವತ್ತೋ ಒಂದು ದಿನ ಊಟಕ್ಕೆ ಹೋಗಬಹುದು.

ಈ ಮಾತು ದುರ್ಗದವರಿಗೆ ಅರ್ಥವಾಗದೆ ಇರುತ್ತದಾ? ಏಳು ಸುತ್ತಿನ ಕೋಟೆ. 19 ಅಗಸೆ ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳದಾರಿ ಅಂತ ಲೆಕ್ಕ ಹೇಳುತ್ತಾರೆ. ದೊಡ್ಡ ಬಾಗಿಲುಗಳನ್ನು ನೋಡಿದ್ದೀರಲ್ಲ, ನೇರ ನುಗ್ಗಲಿಕ್ಕೆ ಆಗದ ಹಾಗೆ ತಿರುವು ಕೊಟ್ಟು ಕಟ್ಟಿದ್ದಾರೆ. ಹೈದರಾಲಿಯ ಕಡೆಯವರು ಅಲ್ಲಿ ಗುದ್ದಾಡಿ ಸಾಕಾಗಿ ಕೊನೆಗೆ ಹುಡುಕಿಕೊಂಡಿದ್ದು ಒಬ್ಬರು ನುಸುಳುವಷ್ಟು ಅಗಲದ ಒಂದು ಬಂಡೆಯ ಸಂದು. ಯಾರೋ ಹೆಂಗಸು ಅಲ್ಲಿಂದ ಓಡಾಡಿದ್ದನ್ನು ಕಂಡು ಅವರಿಗೆ ಆ ದಾರಿ ಗೊತ್ತಾಯಿತು ಅಂತ ಕಥೆ. ಕಾವಲಿದ್ದವನು ಮನೆಗೆ ಊಟಕ್ಕೆ ಹೋಗಿದ್ದ. ನೀರಿಗೆಂದು ಬಂದ ಓಬವ್ವ ಇದ್ದಳು ಅಂತ ಆ ದಿನ ಕೋಟೆ ಉಳಿಯಿತು. ನಾವೆಲ್ಲ ಚಿಕ್ಕಂದಿನಿಂದ ಓಬವ್ವನ ಒನಕೆಯನ್ನೇ ನೋಡುತ್ತಾ ಬಂದಿದ್ದೇವೆ. ನಾನು ಈ ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಬಂದ ಮೇಲೆ ಆ ಕಿಂಡಿಯ ಮುಂದೆ ನಿಂತಾಗಲೆಲ್ಲ ಇನ್ನೊಂದು ಯೋಚನೆ ಬರುತ್ತದೆ. ಆ ಕಿಂಡಿ ಇದೆ ಅಂತ ಒಳಗಿನವರಲ್ಲಿ ಎಷ್ಟು ಜನಕ್ಕೆ ನೆನಪಿತ್ತು? ಯಾರದೋ ಅನುಕೂಲಕ್ಕೆ ಉಳಿದ ದಾರಿ ಅದು. ಕಂಪ್ಯೂಟರಿನಲ್ಲೂ ಹಾಗೇ. ಕಿಂಡಿಗಳನ್ನು ಕಳ್ಳರು ಕೊರೆದಿರುವುದಿಲ್ಲ, ಯಾರದೋ ಅನುಕೂಲಕ್ಕೆ ಅಂತ ಮೊದಲೇ ಬಿಟ್ಟಿರುತ್ತಾರೆ.

ಇದರಿಂದ ಆಗುವ ಅನಾಹುತ ನಾನು ಮೊದಲು ನೋಡಿದ್ದು 2003ರ ಆಗಸ್ಟಿನಲ್ಲಿ. ಡಿಪ್ಲೊಮಾ ಓದುತ್ತಾ ಸಂಜೆ ಹೊತ್ತು ಇದೇ ಊರಿನ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕೆ ಇದ್ದೆ. ಡಯಲ್ ಅಪ್ ಕಾಲ. ಒಂದು ದಿನ ಪರದೆಯ ಮೇಲೆ ಒಂದು ಪೆಟ್ಟಿಗೆ ಎದ್ದು ನಿಂತಿತು, ಇನ್ನು 60 ಸೆಕೆಂಡಿನಲ್ಲಿ ಕಂಪ್ಯೂಟರು ಬಂದ್ ಆಗುತ್ತದೆ ಅಂತ. 59, 58, 57. ಮತ್ತೆ ಆನ್ ಮಾಡಿ ನೆಟ್‌ಗೆ ಹಾಕಿದರೆ ಮತ್ತೆ ಅದೇ. ವೈರಸ್ ಅಂದುಕೊಂಡು ಫಾರ್ಮ್ಯಾಟ್ ಮಾಡಿ, ಸಿಡಿಯಿಂದ ಹೊಸದಾಗಿ ಎಕ್ಸ್‌ಪಿ ಹಾಕಿದೆ. ಒಂದು ಫೈಲನ್ನೂ ತೆರೆದಿಲ್ಲ, ಒಂದು ಇಮೇಲನ್ನೂ ನೋಡಿಲ್ಲ. ಸುಮ್ನೆ ನೆಟ್ ಕನೆಕ್ಟ್ ಮಾಡಿದೆ, ರಿಪೇರಿ ಫೈಲು ಇಳಿಸಿಕೊಳ್ಳೋಣ ಅಂತ. ಅದು ಅರ್ಧ ಇಳಿಯುವಷ್ಟರಲ್ಲಿ 60, 59, 58. ಅದು ಬ್ಲಾಸ್ಟರ್ ಅನ್ನುವ ಹುಳು. 135ನೇ ಪೋರ್ಟಿನಿಂದ ತಾನೇ ಒಳಗೆ ಬರುತ್ತಿತ್ತು. ನಾವೇನೂ ಮಾಡಬೇಕಾಗಿರಲಿಲ್ಲ, ಕನೆಕ್ಟ್ ಆಗಿದ್ದರೆ ಸಾಕು. ಡಯಲ್ ಅಪ್‌ನಲ್ಲಿ ಮಧ್ಯೆ ರೌಟರು ಇರುತ್ತಿರಲಿಲ್ಲ, ಕಂಪ್ಯೂಟರು ನೇರವಾಗಿ ಇಂಟರ್ನೆಟ್ಟಿನ ಬೀದಿಗೇ ಬಂದು ನಿಂತಿರುತ್ತಿತ್ತು. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಆಫ್ ಆಗಿರುತ್ತಿತ್ತು. ಅದು ತಾನಾಗೇ ಆನ್ ಆಗಿ ಬರಲು ಶುರುವಾಗಿದ್ದು ಸರ್ವಿಸ್ ಪ್ಯಾಕ್ 2ರಿಂದ, 2004ರ ಆಗಸ್ಟಿನಲ್ಲಿ. ಕೊನೆಗೆ ಒಬ್ಬರು ಹಿರಿಯರು ಹೇಳಿಕೊಟ್ಟರು: ಮೊದಲು ಫೈರ್‌ವಾಲ್ ಆನ್ ಮಾಡು, ಆಮೇಲೆ ವೈರು ಚುಚ್ಚು. ಅಷ್ಟು ಮಾಡಿದ ಮೇಲೆ ರಿಪೇರಿ ಫೈಲು ಪೂರ್ತಿ ಇಳಿಯಿತು. ಆ ಕ್ರಮವನ್ನು ಇವತ್ತಿಗೂ ತಪ್ಪಿಸಿಲ್ಲ.

ಇನ್ನೊಂದು, 2017ರ ಮೇ 12. ಶುಕ್ರವಾರ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಅನ್ನುವ ಹುಳು ಹರಡಿದ್ದು ಅವತ್ತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೇ ನಿಂತುಹೋಗಿತ್ತು, ಪೇಪರಿನಲ್ಲಿ ಓದಿರುತ್ತೀರಿ. ಅದು ಬಂದಿದ್ದು 445ನೇ ಪೋರ್ಟಿನಿಂದ. ಫೈಲು, ಪ್ರಿಂಟರು ಹಂಚಿಕೊಳ್ಳಲು ಇರುವ ಬಾಗಿಲು ಅದು. ಅದರ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ರಿಪೇರಿ ಕೊಟ್ಟಿತ್ತು, ಎರಡು ತಿಂಗಳು ಮುಂಚೆ. ಹಾಕಿಕೊಳ್ಳದೆ ಇದ್ದವರು ಸಿಕ್ಕಿಬಿದ್ದರು, ಅವರಲ್ಲಿ ಜಾಸ್ತಿ ಜನ ವಿಂಡೋಸ್ 7ರವರು. ಆ ವಾರ ನನ್ನ ಹತ್ತಿರ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರು ಬಂತು. ನೆಟ್ ಖರ್ಚಾಗುತ್ತದೆ ಅಂತ ಅಪ್‌ಡೇಟ್ ಆಫ್ ಮಾಡಿದ್ದರು. ಎಂಟು ವರ್ಷದ ಮದುವೆ ಫೋಟೋಗಳು. ಒಂದೂ ತೆರೆಯುತ್ತಿಲ್ಲ, ಪರದೆ ಮೇಲೆ 300 ಡಾಲರ್ ಕೊಡಿ ಅನ್ನುವ ಕೆಂಪು ಪೆಟ್ಟಿಗೆ. ಅವರು ನನ್ನ ಮುಖ ನೋಡುತ್ತಾ ನಿಂತಿದ್ದರು. ನನಗೆ ಒಂದು ಫೋಟೋವನ್ನೂ ವಾಪಸ್ ತರಲಿಕ್ಕೆ ಆಗಲಿಲ್ಲ. ಈ ಮಾತನ್ನು ಊರಿನಲ್ಲಿ ನಾಲ್ಕು ಜನರ ಮುಂದೆ ಹೇಳಲೇಬೇಕು ಅಂತ ಅವತ್ತೇ ಅನ್ನಿಸಿತ್ತು.

ಈಗ ಈ ಕಂಪ್ಯೂಟರನ್ನು ನೋಡೋಣ. ನನ್ನ ಅಂಗಡಿಯ ಒಂದು ರೌಟರು ತಂದಿದ್ದೇನೆ. ಇದಕ್ಕೂ ನನ್ನ ಲ್ಯಾಪ್‌ಟಾಪಿಗೂ ಅದರಿಂದ ವೈರು ಕೊಟ್ಟಿದ್ದೇನೆ.

ಸ್ಟಾರ್ಟ್ ಒತ್ತಿ, ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ರೆಸ್‌ಮಾನ್ ಅಂತ ಟೈಪ್ ಮಾಡಿ. ಆರ್ ಇ ಎಸ್ ಎಂ ಓ ಎನ್. ರಿಸೋರ್ಸ್ ಮಾನಿಟರ್ ತೆರೆದುಕೊಳ್ಳುತ್ತದೆ. ಅದರಲ್ಲಿ ನೆಟ್‌ವರ್ಕ್ ಅನ್ನುವ ಪುಟಕ್ಕೆ ಹೋಗಿ, ಕೆಳಗೆ ಲಿಸನಿಂಗ್ ಪೋರ್ಟ್ಸ್ ಅಂತ ಇದೆ ನೋಡಿ, ಅದನ್ನು ಬಿಡಿಸಿ. ಇಷ್ಟೇ. ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿ ಬೇಕಾಗಿಲ್ಲ. ಯಾವ ಪ್ರೋಗ್ರಾಮು, ಯಾವ ಪೋರ್ಟು, ಫೈರ್‌ವಾಲ್ ಅದನ್ನು ಬಿಡುತ್ತದಾ ಇಲ್ಲವಾ, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಕಪ್ಪು ಕಿಟಕಿ ಇಷ್ಟ ಇರುವವರು ಅಲ್ಲಿ ನೆಟ್‌ಸ್ಟ್ಯಾಟ್ ಅಂತ ಹೊಡೆದು, ಒಂದು ಜಾಗ ಬಿಟ್ಟು, ಚಿಕ್ಕ ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಕೊಂಡ ಹಾಗೆ ಎ ಎನ್ ಓ ಅಂತ ಹೊಡೆಯಿರಿ. ಎಕ್ಸ್‌ಪಿಯಲ್ಲಿ ಅದೊಂದೇ ದಾರಿ, ರೆಸ್‌ಮಾನ್ ಇಲ್ಲ.

ಪಟ್ಟಿ ಉದ್ದ ಇದೆ ಅಂತ ಗಾಬರಿಯಾಗಬೇಡಿ. ಮೊದಲು ವಿಳಾಸದ ಕಡೆ ನೋಡಿ. 127ರಿಂದ ಶುರುವಾಗಿದ್ದರೆ, ಇಲ್ಲಿ ಲೂಪ್‌ಬ್ಯಾಕ್ ಅಂತ ಬರೆದಿದ್ದರೆ, ಅದು ಮನೆಯೊಳಗಿನ ಮಾತು. ಅಡುಗೆಮನೆಯಿಂದ ನಡುಮನೆಗೆ ಕೂಗಿದ ಹಾಗೆ. ಹೊರಗಿನವರಿಗೆ ಕೇಳಿಸುವುದಿಲ್ಲ, ಬಿಟ್ಟುಬಿಡಿ. ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ ಅಂತಲೋ ಅನ್‌ಸ್ಪೆಸಿಫೈಡ್ ಅಂತಲೋ ಇದ್ದರೆ ಅದು ಯಾವ ಕಡೆಯಿಂದ ಕರೆದರೂ ಓಗೊಡುತ್ತದೆ. ಕಂಪ್ಯೂಟರಿನದೇ ನೆಟ್‌ವರ್ಕ್ ವಿಳಾಸ ಇದ್ದರೂ, 139ರ ಮುಂದೆ ಇರುವ ಹಾಗೆ, ಹೊರಗಿನವರು ಕರೆದರೆ ಓಗೊಡುತ್ತದೆ. ನಮಗೆ ಬೇಕಾಗಿರುವುದು ಅವು.

ದೊಡ್ಡಪ್ಪನ ಮಿಷನ್ನಿನಲ್ಲಿ ಅಂಥವು ಇವು: 135. 139. 445. 3389. 5357. 9000. ಆಮೇಲೆ 49152ರಿಂದ ಮುಂದಕ್ಕೆ ಐದಾರು. ಕೊನೆಯ ಕಾಲಮ್ ಓದಿ. ಎಲ್ಲದರ ಮುಂದೂ ಬಿಡಲಾಗಿದೆ ಅಂತಲೇ ಇದೆ. ಯಾಕೆ ಅಂತ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ನೋಡಿದರೆ, ಫೈರ್‌ವಾಲ್ ಪೂರ್ತಿ ಆಫ್.

"ನಾನ್ಯಾವತ್ತೂ ಅದನ್ನ ಮುಟ್ಟಿಲ್ಲಪ್ಪಾ" ಅಂದರು ದೊಡ್ಡಪ್ಪ. ನಿಜ, ಅವರು ಮುಟ್ಟಿಲ್ಲ. ಹಿಂದೊಮ್ಮೆ ಲೆಕ್ಕದ ಸಾಫ್ಟ್‌ವೇರನ್ನು ಎರಡು ಕಂಪ್ಯೂಟರಿನಲ್ಲಿ ಓಡಿಸಲು ಒಬ್ಬ ಹುಡುಗನನ್ನು ಕರೆಸಿದ್ದರು. ಅದು ಕೂಡಿಕೊಳ್ಳಲಿಲ್ಲ, ಅವನು ಫೈರ್‌ವಾಲ್ ಆಫ್ ಮಾಡಿದ, ಕೂಡಿಕೊಂಡಿತು. ಅವನು ದುಡ್ಡು ತಗೊಂಡು ಹೋದ. ಎರಡನೇ ಕಂಪ್ಯೂಟರು ಈಗ ಆ ಮನೆಯಲ್ಲೇ ಇಲ್ಲ. ಫೈರ್‌ವಾಲ್ ಮಾತ್ರ ಅವತ್ತಿನಿಂದ ಆಫ್ ಆಗೇ ಇತ್ತು. ರಿಪೇರಿ ಕೆಲಸ ಮಾಡುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಪರೀಕ್ಷೆಗೆ ಅಂತ ಎರಡು ನಿಮಿಷ ಆಫ್ ಮಾಡಿ ನೋಡಿ, ಬೇಡ ಅನ್ನುವುದಿಲ್ಲ. ಹೊರಡುವ ಮುಂಚೆ ಆನ್ ಮಾಡಿ, ಬೇಕಾದ ಒಂದು ಪೋರ್ಟಿಗೆ ಮಾತ್ರ ದಾರಿ ಬಿಡಿ. ಹತ್ತು ನಿಮಿಷದ ಕೆಲಸ ಅದು. ಅದನ್ನು ಮಾಡದೆ ಎದ್ದು ಹೋದರೆ ಆ ಮನೆಯವರಿಗೆ ಅದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಒಂದೊಂದಾಗಿ ಕೇಳುತ್ತಾ ಹೋದೆವು.

3389 ಅಂದರೆ ರಿಮೋಟ್ ಡೆಸ್ಕ್‌ಟಾಪ್. ದೂರದಿಂದ ಈ ಕಂಪ್ಯೂಟರನ್ನು ಎದುರಿಗೆ ಕೂತ ಹಾಗೇ ನಡೆಸುವ ಬಾಗಿಲು. ಇದು ಯಾರಿಗೆ ಬೇಕು? ದೊಡ್ಡಪ್ಪನ ಮಗ, ನಮ್ಮ ಅಣ್ಣ, ಬೆಂಗಳೂರಿನಲ್ಲಿ ಇದ್ದಾಗ ಅಪ್ಪನ ಲೆಕ್ಕ ನೋಡಿಕೊಡುತ್ತಿದ್ದ, ಅವನಿಗಾಗಿ ತೆರೆದಿದ್ದು. ಅಣ್ಣ ಊರಿಗೆ ವಾಪಸ್ ಬಂದು ನಾಲ್ಕು ವರ್ಷ ಆಯಿತು. ಬಾಗಿಲು ಇನ್ನೂ ಹಾಗೇ ಇದೆ. ನಿನ್ನೆ ಅವರ ಮನೆಯ ರೌಟರು ತೆಗೆದು ನೋಡಿದರೆ ಅದರಲ್ಲೂ ಒಂದು ಸಾಲು ಇತ್ತು, ಹೊರಗಿನಿಂದ 3389ಕ್ಕೆ ಯಾರೇ ಬಂದರೂ ಸೀದಾ ಈ ಕಂಪ್ಯೂಟರಿಗೆ ಕಳಿಸು ಅಂತ. ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ ಇದಕ್ಕೆ. ನಾನು ನಿಜವಾಗಿ ಬೆವೆತಿದ್ದು ಅಲ್ಲಿ. ಈ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಅನ್ನುವ ದೊಡ್ಡ ತೂತು ಸಿಕ್ಕಿತ್ತು, ಪಾಸ್‌ವರ್ಡ್ ಕೂಡ ಬೇಡ, ಒಳಗೆ ಬರಬಹುದು. ಅದು ಎಷ್ಟು ಕೆಟ್ಟದ್ದು ಅಂದರೆ, ಐದು ವರ್ಷ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಕರೆದು ರಿಪೇರಿ ಕೊಟ್ಟಿತು.

ಇದನ್ನು ಮುಚ್ಚುವುದು ಬಹಳ ಸುಲಭ. ಕಂಪ್ಯೂಟರ್ ಚಿತ್ರದ ಮೇಲೆ ಬಲಗಡೆ ಒತ್ತಿ, ಪ್ರಾಪರ್ಟೀಸ್, ರಿಮೋಟ್ ಸೆಟ್ಟಿಂಗ್ಸ್, ಬಿಡಬೇಡ ಅನ್ನುವುದಕ್ಕೆ ಚುಕ್ಕೆ. ಮೇಲಿರುವ ರಿಮೋಟ್ ಅಸಿಸ್ಟೆನ್ಸ್ ಗುರುತನ್ನೂ ತೆಗೆಯಿರಿ. ಈಗ ಪಟ್ಟಿ ನೋಡಿ, 3389 ಇಲ್ಲ. ರೌಟರಿನ ಸಾಲನ್ನು ನಿನ್ನೆಯೇ ಅಳಿಸಿದೆ. ಅಲ್ಲೇ ಯುಪಿಎನ್‌ಪಿ ಅಂತ ಒಂದು ಇರುತ್ತದೆ, ಒಳಗಿನ ಪ್ರೋಗ್ರಾಮುಗಳು ನಿಮ್ಮನ್ನು ಕೇಳದೆ ತಾವೇ ರೌಟರಿಗೆ ಹೇಳಿ ಬಾಗಿಲು ತೆಗೆಸಿಕೊಳ್ಳುವ ಏರ್ಪಾಡು, ಅದನ್ನೂ ಆಫ್ ಮಾಡಿದೆ. ರೌಟರಿನ ಪಾಸ್‌ವರ್ಡು ಅಡ್ಮಿನ್ ಅಡ್ಮಿನ್ ಅಂತಲೇ ಇತ್ತು. ದಯವಿಟ್ಟು ಇವತ್ತು ಮನೆಗೆ ಹೋದ ಮೇಲೆ ಅದೊಂದನ್ನು ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನುವ ಹುಳು ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳನ್ನು ಹಿಡಿದಿದ್ದು ಇಂಥ ಕಾರ್ಖಾನೆ ಪಾಸ್‌ವರ್ಡುಗಳಿಂದಲೇ.

9000 ಅವರ ಲೆಕ್ಕದ ಸಾಫ್ಟ್‌ವೇರಿನದು. ಟ್ಯಾಲಿ ಇದ್ದವರಿಗೂ ಸಾಮಾನ್ಯವಾಗಿ ಇದೇ ನಂಬರು ಕಾಣುತ್ತದೆ. ಇನ್ನೊಂದು ಪ್ರೋಗ್ರಾಮು ಬಂದು ಲೆಕ್ಕ ಓದಿಕೊಳ್ಳಲು ಇರುವುದು. ಒಂದೇ ಕಂಪ್ಯೂಟರಿನಲ್ಲಿ ಒಬ್ಬರೇ ಕೂತು ಲೆಕ್ಕ ಬರೆಯುವಾಗ ಬೇಡ. ಅದರದೇ ಸೆಟ್ಟಿಂಗಿನಲ್ಲಿ ತೆಗೆದೆವು.

5357, ಅಕ್ಕಪಕ್ಕದ ಕಂಪ್ಯೂಟರುಗಳಿಗೆ ನಾನಿದ್ದೇನೆ ಅಂತ ಹೇಳಿಕೊಳ್ಳಲು. ನೆಟ್‌ವರ್ಕ್ ಡಿಸ್ಕವರಿ ಆಫ್ ಮಾಡಿದೆವು. 139 ಬಹಳ ಹಳೇ ಕಾಲದ್ದು, ನೆಟ್‌ಬಯಾಸ್. ನೆಟ್‌ವರ್ಕ್ ಕಾರ್ಡಿನ ಪ್ರಾಪರ್ಟೀಸ್, ಐಪಿ ವರ್ಶನ್ 4, ಅಡ್ವಾನ್ಸ್‌ಡ್, ವಿನ್ಸ್ ಅನ್ನುವ ಪುಟ, ಅಲ್ಲಿ ಡಿಸೇಬಲ್. ಹೋಯಿತು.

445. ಇದು ಯಾರಿಗೆ ಬೇಕು ಅಂತ ಕೇಳಿದೆ. ದೊಡ್ಡಪ್ಪ ಸ್ವಲ್ಪ ಯೋಚಿಸಿ, "ಈಗ ಮನೇಲಿ ಯಾರೂ ಇದರಿಂದ ಫೈಲ್ ತಗೊಳ್ಳಲ್ಲ" ಅಂದರು. ಸರಿ, ಸರ್ವಿಸಸ್ ಪಟ್ಟಿಗೆ ಹೋಗಿ ಸರ್ವರ್ ಅನ್ನುವ ಸೇವೆಯನ್ನು ಡಿಸೇಬಲ್ ಮಾಡಿ, ಕಂಪ್ಯೂಟರು ರೀಸ್ಟಾರ್ಟ್ ಮಾಡಿದೆವು. ವಿಂಡೋಸ್ 7ರಲ್ಲಿ ಇಷ್ಟು ಮಾಡಿದರೆ 445 ಪಟ್ಟಿಯಿಂದಲೇ ಹೋಗುತ್ತದೆ. ಎಕ್ಸ್‌ಪಿಯಲ್ಲಿ ಸೇವೆ ನಿಲ್ಲಿಸಿದರೂ ಅದು ಪಟ್ಟಿಯಲ್ಲಿ ಉಳಿಯುತ್ತದೆ, ಅಲ್ಲಿ ಫೈರ್‌ವಾಲಿಗೇ ಕೆಲಸ.

ಉಳಿದಿದ್ದು 135, ಮತ್ತೆ ಆ 49 ಸಾವಿರದ ಮೇಲಿನವು. ಇಲ್ಲಿ ನಿಲ್ಲಿ. ಇವನ್ನು ಎಬ್ಬಿಸಲು ಹೋಗಬೇಡಿ. 135ರ ಹಿಂದೆ ಕೂತಿರುವುದು ಆರ್‌ಪಿಸಿ ಅನ್ನುವ ಸೇವೆ. ವಿಂಡೋಸ್‌ನ ಒಳಗಿನ ಭಾಗಗಳು ಒಂದಕ್ಕೊಂದು ಮಾತಾಡುವುದೇ ಅದರ ಮೂಲಕ. 2005ರಲ್ಲಿ ಒಬ್ಬರ ಎಕ್ಸ್‌ಪಿ ಮಿಷನ್ನಿನಲ್ಲಿ, ಬ್ಲಾಸ್ಟರಿನ ಭಯ ಇನ್ನೂ ಹೋಗಿರಲಿಲ್ಲ ನೋಡಿ, 135 ಇರಲೇಬಾರದು ಅಂತ ನಾನು ಆ ಸೇವೆಯನ್ನೇ ಡಿಸೇಬಲ್ ಮಾಡಿದೆ. ಮುಂದಿನ ಸಲ ಆನ್ ಮಾಡಿದಾಗ ಟಾಸ್ಕ್‌ಬಾರ್ ಬರಲಿಲ್ಲ, ನೆಟ್ ಇಲ್ಲ, ಧ್ವನಿ ಇಲ್ಲ. ಮಾಡಿದ್ದನ್ನು ವಾಪಸ್ ತಿರುಗಿಸಲು ಸರ್ವಿಸಸ್ ಪಟ್ಟಿಯೂ ಸರಿಯಾಗಿ ತೆರೆಯುತ್ತಿಲ್ಲ. ಸಿಡಿ ಹಾಕಿ ರಿಕವರಿ ಕನ್ಸೋಲಿಗೆ ಹೋಗಿ ಅದನ್ನು ಮತ್ತೆ ಶುರು ಮಾಡಿಸಲು ಅರ್ಧ ದಿನ ಹೋಯಿತು. ಹಾಗಾಗಿ ಇವುಗಳಿಗೆ ಕಾವಲು ಸಾಕು. ಫೈರ್‌ವಾಲ್ ಆನ್. ನೆಟ್‌ವರ್ಕ್ ಯಾವ ತರದ್ದು ಅಂತ ವಿಂಡೋಸ್ 7 ಕೇಳುತ್ತದಲ್ಲ, ಹೋಮ್, ವರ್ಕ್, ಪಬ್ಲಿಕ್ ಅಂತ, ಅದರಲ್ಲಿ ಪಬ್ಲಿಕ್. ಮನೆಯಲ್ಲೇ ಇದ್ದರೂ ಪಬ್ಲಿಕ್ ಅಂತಲೇ ಕೊಡಿ. ಹೆಸರು ನೋಡಿ ಎಲ್ಲರಿಗೂ ತೆರೆದಿಡುತ್ತದೇನೋ ಅಂದುಕೊಳ್ಳುವವರು ಇದ್ದಾರೆ. ಅದರ ಅರ್ಥ ಉಲ್ಟಾ, ಸುತ್ತ ಇರುವವರನ್ನು ನಂಬಬೇಡ ಅಂತ.

ಶುರುವಿಗೂ ಮುಂಚೆ ನನ್ನ ಲ್ಯಾಪ್‌ಟಾಪಿನಿಂದ ಎನ್‌ಮ್ಯಾಪ್ ಹಾಕಿ ಈ ಕಂಪ್ಯೂಟರನ್ನು ತಟ್ಟಿ ನೋಡಿದ್ದೆ. ಗಾರ್ಡನ್ ಲಿಯಾನ್ ಅನ್ನುವವರು 1997ರಲ್ಲಿ ಹೊರತಂದ ಉಚಿತ ಸಾಧನ, ಒಂದೊಂದೇ ಪೋರ್ಟಿನ ಬಾಗಿಲು ತಟ್ಟಿ ಯಾರು ಓಗೊಡುತ್ತಾರೆ ಅಂತ ಬರೆದುಕೊಳ್ಳುತ್ತದೆ. ಆಗ ಪಟ್ಟಿಯ ಎಲ್ಲದರ ಮುಂದೂ ಓಪನ್ ಅಂತ ಬಂದಿತ್ತು. ಈಗ ಅದೇ ಕೆಲಸ ಮತ್ತೆ ಮಾಡಿದೆವು. ಒಂದೂ ಇಲ್ಲ. ಎಲ್ಲ ಫಿಲ್ಟರ್‌ಡ್. ಅಂದರೆ 'ಇಲ್ಲ' ಅನ್ನುವ ಉತ್ತರವೂ ಬರುತ್ತಿಲ್ಲ, ಪೂರ್ತಿ ಮೌನ. ಕದ ತಟ್ಟಿದಾಗ ಒಳಗಿನಿಂದ ಯಾರೂ ಇಲ್ಲ ಅಂತ ಕೂಗಿದರೂ ಯಾರೋ ಇದ್ದಾರೆ ಅಂತ ಗೊತ್ತಾಗುತ್ತದಲ್ವಾ, ಅದೂ ಇಲ್ಲ. ಇದನ್ನು ನಿಮ್ಮದೇ ಮಿಷನ್ನಿನ ಮೇಲೆ ಮಾತ್ರ ಮಾಡಿ, ಪಕ್ಕದ ಮನೆಯವರದರ ಮೇಲೆ ಬೇಡ.

ಒಬ್ಬರು ಅಕ್ಕ ಕೇಳಿದರು, "ರೌಟರ್ ಇದ್ದ ಮೇಲೆ ಹೊರಗಿನವರು ಹೇಗೂ ಬರೋಕೆ ಆಗಲ್ಲ ಅಂತಾರಲ್ಲ?" ಒಳ್ಳೇ ಪ್ರಶ್ನೆ. ಬಹಳ ಮಟ್ಟಿಗೆ ನಿಜ. ಮನೆಯೊಳಗಿನ ಎಲ್ಲ ಮಿಷನ್ನುಗಳೂ ಹೊರಗೆ ಒಂದೇ ವಿಳಾಸದಲ್ಲಿ ಕಾಣುವುದರಿಂದ, ಕರೆಯದೆ ಬಂದವರನ್ನು ಯಾರ ಹತ್ತಿರ ಕಳಿಸಬೇಕು ಅಂತ ರೌಟರಿಗೆ ತಿಳಿಯದೆ ಅಲ್ಲೇ ಬಿಟ್ಟುಬಿಡುತ್ತದೆ. ಆದರೆ ಮೂರು ವಿಷಯ. ಫಾರ್ವರ್ಡಿಂಗ್ ಇದ್ದರೆ ಏನಾಗುತ್ತದೆ ಅಂತ ಈಗ ನೋಡಿದಿರಿ. ಎರಡನೇದು, ವಿಳಾಸ ಕೊಡುವ ಹೊಸ ಕ್ರಮ ಐಪಿ ವರ್ಶನ್ 6 ಬಂದ ಮೇಲೆ ಒಂದೊಂದು ಮಿಷನ್ನಿಗೂ ತನ್ನದೇ ಹೊರಗಿನ ವಿಳಾಸ ಸಿಗುತ್ತದೆ, ಅಲ್ಲಿ ಆ ಮರೆ ಇಲ್ಲ. ರೌಟರಿನ ಫೈರ್‌ವಾಲ್ ಅದನ್ನೂ ಕಾಯುತ್ತದಾ ಅಂತ ನೋಡಬೇಕು. ಮೂರನೇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ನಿಮ್ಮ ಮನೆಯ ವೈಫೈಗೆ ಯಾರ ಯಾರ ಮೊಬೈಲು, ಯಾರ ಲ್ಯಾಪ್‌ಟಾಪು ಸೇರಿಕೊಳ್ಳುತ್ತದೆ? ಹಬ್ಬಕ್ಕೆ ಬಂದ ನೆಂಟರ ಹುಡುಗನ ಲ್ಯಾಪ್‌ಟಾಪಿನಲ್ಲಿ ಹುಳು ಇದ್ದರೆ ಅದು ರೌಟರಿನ ಒಳಗಡೆಯೇ ಇರುತ್ತದೆ. ಆಗ ಈ ಕಂಪ್ಯೂಟರನ್ನು ಕಾಯುವುದು ಇದರದೇ ಫೈರ್‌ವಾಲ್.

ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ನೋಡಲು ಗಿಬ್ಸನ್ ರಿಸರ್ಚ್ ಅವರ ಶೀಲ್ಡ್ಸ್‌ಅಪ್ ಅಂತ ಒಂದು ಉಚಿತ ಪರೀಕ್ಷೆ ಇದೆ. ಮೊದಲ 1056 ಪೋರ್ಟುಗಳನ್ನು ತಟ್ಟಿ ನೋಡಿ, ತೆರೆದಿದ್ದರೆ ಕೆಂಪು, ಮುಚ್ಚಿದ್ದರೆ ನೀಲಿ, ಸದ್ದೇ ಇಲ್ಲದಿದ್ದರೆ ಹಸಿರು ಚೌಕ ತೋರಿಸುತ್ತದೆ. ಆದರೆ ನೆಟ್ ಕೊಡುವ ಎಷ್ಟೋ ಕಂಪನಿಗಳು ಈಗ ಒಂದೇ ಹೊರಗಿನ ವಿಳಾಸವನ್ನು ಬಹಳ ಮನೆಗಳಿಗೆ ಹಂಚುತ್ತವೆ. ಹಾಗಿದ್ದರೆ ಆ ಪರೀಕ್ಷೆ ತಟ್ಟುವುದು ನಿಮ್ಮ ಬಾಗಿಲನ್ನಲ್ಲ, ಕಂಪನಿಯ ಬಾಗಿಲನ್ನು. ಹಸಿರು ಬಂತು ಅಂತ ನೆಮ್ಮದಿಯಾಗಿ ಕೂರಬೇಡಿ, ಒಳಗಿನ ಪಟ್ಟಿಯನ್ನೂ ನೋಡಿ.

ಪೋರ್ಟು ಮುಚ್ಚಿದ ಮೇಲೂ ಬರುವ ಕೇಡು ಬೇರೆ ಇದೆ. ಪೆನ್‌ಡ್ರೈವಿನಿಂದ ಬರುತ್ತದೆ. ಇಮೇಲಿನಲ್ಲಿ ಬಂದ ಫೈಲನ್ನು ನೀವೇ ತೆರೆದರೆ ಬರುತ್ತದೆ. ಹಳೇ ಬ್ರೌಸರಿನಿಂದ ಬರುತ್ತದೆ. ಅದಕ್ಕೆ ಫೈರ್‌ವಾಲ್ ಏನೂ ಮಾಡುವುದಿಲ್ಲ, ಅಲ್ಲಿ ಒಳಗಿನವರೇ ಕರೆದು ಕೂರಿಸಿರುತ್ತಾರೆ. ಹಾಗಾಗಿ ಈ ಮಿಷನ್ನಿನಲ್ಲಿ ಬ್ಯಾಂಕು, ಇಮೇಲು ಬೇಡ ಅಂತ ದೊಡ್ಡಪ್ಪನಿಗೆ ಹೇಳಿದ್ದೇನೆ. ಲೆಕ್ಕಕ್ಕೂ ನುಡಿ ಫೈಲಿಗೂ ಮಾತ್ರ. ಎಕ್ಸ್‌ಪಿ ಇರುವವರು, ನೆಟ್ ನಿಜಕ್ಕೂ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಬರೀ ಪೇಜ್‌ಮೇಕರಿಗೆ ಇಟ್ಟ ಮಿಷನ್ನಿಗೆ ನೆಟ್ ವೈರು ಯಾಕೆ? ತೆಗೆದುಬಿಡಿ. ಅದಕ್ಕಿಂತ ಗಟ್ಟಿಯಾದ ಬಾಗಿಲು ಇಲ್ಲ. ಹಳೇ ಮಿಷನ್ನಿಗೆ ಲಿನಕ್ಸ್ ಹಾಕಿಕೊಂಡವರು ಯುಎಫ್‌ಡಬ್ಲ್ಯು ಅನ್ನುವ ಫೈರ್‌ವಾಲನ್ನು ಆನ್ ಮಾಡಿದರೆ ಒಳಬರುವುದೆಲ್ಲ ತಾನಾಗೇ ನಿಲ್ಲುತ್ತದೆ.

ಮಾತು ಅಲ್ಲಿಗೆ ಮುಗಿಯಿತು, ಎಲ್ಲರೂ ಟೀ ಕುಡಿದು ಹೊರಟರು. ಕಂಪ್ಯೂಟರನ್ನು ವಾಪಸ್ ಮನೆಗೆ ತಲುಪಿಸಿ ಬಂದೆ.

ಸೋಮವಾರ ರಾತ್ರಿ ದೊಡ್ಡಪ್ಪ ಫೋನ್ ಮಾಡಿದರು. "ಏನಪ್ಪಾ, ನಮ್ಮ ಸೊಸೆ ಲ್ಯಾಪ್‌ಟಾಪಿಂದ ಪ್ರಿಂಟ್ ಬರ್ತಿಲ್ಲ ಅಂತಾಳೆ. ನಾಳೆ ಮಗಳ ಹಾಲ್ ಟಿಕೆಟ್ ಬೇಕಂತೆ."

445 ಬೇಕಾಗಿದ್ದು ಅತ್ತಿಗೆಗೆ. ಪ್ರಿಂಟರು ದೊಡ್ಡಪ್ಪನ ಕಂಪ್ಯೂಟರಿಗೆ ಚುಚ್ಚಿದೆ, ಅತ್ತಿಗೆ ಮೇಲುಗಡೆ ರೂಮಿನಿಂದ ವೈಫೈ ಮೂಲಕ ಪ್ರಿಂಟ್ ಕೊಡುತ್ತಾರೆ. ಭವನದಲ್ಲಿ ಕೇಳಿದಾಗ ದೊಡ್ಡಪ್ಪನಿಗೆ ಫೈಲು ಮಾತ್ರ ನೆನಪಾಗಿತ್ತು. ನಾನು ಪ್ರಿಂಟರ್ ಅನ್ನುವ ಪದವನ್ನೂ ಸೇರಿಸಿ ಕೇಳಬೇಕಿತ್ತು, ಆ ಮನೆಯ ಎಲ್ಲರನ್ನೂ ಕೇಳಬೇಕಿತ್ತು.

ರಾತ್ರಿಯೇ ಹೋದೆ. ಫೈರ್‌ವಾಲ್ ಆಫ್ ಮಾಡಿದರೆ ಒಂದು ನಿಮಿಷದಲ್ಲಿ ಪ್ರಿಂಟ್ ಬರುತ್ತಿತ್ತು. ಅದನ್ನು ಮಾಡಲಿಲ್ಲ. ಸರ್ವರ್ ಸೇವೆಯನ್ನು ಮತ್ತೆ ಶುರು ಮಾಡಿದೆ. ರೌಟರಿನಲ್ಲಿ ಅತ್ತಿಗೆಯ ಲ್ಯಾಪ್‌ಟಾಪಿಗೆ ಯಾವಾಗಲೂ ಒಂದೇ ವಿಳಾಸ ಸಿಗುವ ಹಾಗೆ ಕಟ್ಟಿದೆ, 192.168.1.20 ಅಂತ. ಆಮೇಲೆ ಫೈರ್‌ವಾಲಿನ ಅಡ್ವಾನ್ಸ್‌ಡ್ ಕಿಟಕಿಗೆ ಹೋಗಿ, ಒಳಬರುವ ನಿಯಮಗಳಲ್ಲಿ ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಹೆಸರಿನವುಗಳಲ್ಲಿ ಪ್ರಿಂಟಿಗೆ ಬೇಕಾದವನ್ನು ಮಾತ್ರ ಆನ್ ಮಾಡಿ, ಒಂದೊಂದರ ಸ್ಕೋಪ್ ಪುಟದಲ್ಲೂ ಆ ಒಂದು ವಿಳಾಸ ಬರೆದೆ. ಲ್ಯಾಪ್‌ಟಾಪಿನಲ್ಲಿ ಪ್ರಿಂಟರನ್ನು ಕಂಪ್ಯೂಟರಿನ ಹೆಸರಿನ ಬದಲು ವಿಳಾಸದಿಂದ ಮತ್ತೆ ಸೇರಿಸಿದೆ. ನನ್ನ ಲ್ಯಾಪ್‌ಟಾಪಿನಿಂದ ತಟ್ಟಿ ನೋಡಿದೆ, 445 ಫಿಲ್ಟರ್‌ಡ್. ಅತ್ತಿಗೆ ಮೇಲಿನಿಂದ ಪ್ರಿಂಟ್ ಕೊಟ್ಟರು. ಕೆಳಗೆ ಪ್ರಿಂಟರು ಗುರುಗುಟ್ಟಿ ಹಾಲ್ ಟಿಕೆಟ್ ಹೊರಗೆ ಬಂತು. ದೊಡ್ಡಪ್ಪ ಅದನ್ನು ತಗೊಂಡು, ಕಂಪ್ಯೂಟರಿನ ಹಿಂದಿನ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯಲ್ಲಿ ಪೆನ್ನಿನಿಂದ ಬರೆದರು: 445, ಸೊಸೆ, ಪ್ರಿಂಟರಿಗೆ.